ಗಂಗರಾಜುವಿನ ಕೇಸು ನಿಂತಿದ್ದ ವರ್ಷ

ಧನ್ಯಾ, ಚಿರಂತ್,

ಕಳೆದ ತಿಂಗಳು ಉಲ್ಲಾಳದ ಗೃಹಪ್ರವೇಶದಲ್ಲಿ ನೀವಿಬ್ಬರೂ ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದಿರಿ. ಮನೆಯ ಗೋಡೆಗಳು ಇನ್ನೂ ಸರಿಯಾಗಿ ಒಣಗಿರಲಿಲ್ಲ. ಹೋಮದ ಹೊಗೆಯನ್ನೂ ಮೀರಿ ಒದ್ದೆ ಸಿಮೆಂಟಿನ ವಾಸನೆ ಬರುತ್ತಿತ್ತು. ಆ ವಾಸನೆ ಬಂದರೆ ನನಗೆ ಅನ್ನ ಇಳಿಯುವುದಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ನೆಂಟನೊಬ್ಬ ಪಾಯಸ ಸುರ್ರನೆ ಹೀರುತ್ತಾ ಪಕ್ಕದವನಿಗೆ, "ಆ ಗಂಗರಾಜು ಏನ್ ಕಮ್ಮಿ ಆಸಾಮಿ ಅಂದ್ಕೊಂಡಿದೀಯಾ? ಹುಚ್ಚ ಅಂತ ಸರ್ಟಿಫಿಕೇಟ್ ಮಾಡಿಸ್ಕೊಂಡು ಕೇಸಿಂದ ನೈಸಾಗಿ ಜಾರ್ಕೊಂಡ" ಎಂದ. ಆ ಸಾಲಿನವರೆಲ್ಲ ನಕ್ಕರು. ನೀವು ನನ್ನ ಮುಖ ನೋಡಿದಿರಿ. ನಾನು ಎಲೆ ನೋಡಿದೆ.

ನಾಲ್ಕು ಜನರೆದುರು ಬಾಯಿ ಬಿಡುವುದು ನನಗೆ ಬಂದದ್ದೇ ಇಲ್ಲ. ಮಾಗಡಿ ಕಡೆಯ ಹಳ್ಳಿ ಶಾಲೆಯಲ್ಲಿ ಓದುವಾಗ, ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ನೀವು ಆಗ ತೀರ ಚಿಕ್ಕವರು, ಕೆಂಗೇರಿಯಲ್ಲಿ ಅಮ್ಮನ ಜೊತೆ ಇದ್ದಿರಿ. ನಡೆದದ್ದು ನಿಮಗೆ ಗೊತ್ತಿಲ್ಲ. ಆ ಪಾಯಸದವನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ನಕ್ಕ.

ಗಂಗರಾಜು ಎಂದರೆ ನಿಮ್ಮ ಚಿಕ್ಕ ತಾತ, ನನ್ನ ಯಜಮಾನರ ಕೊನೆಯ ತಮ್ಮ, ನನಗೆ ಮೈದುನ. ಇಪ್ಪತ್ತರ ವಯಸ್ಸು ದಾಟಿದ ಮೇಲೆ ಅವನಿಗೆ ಕಾಯಿಲೆ ಶುರುವಾಯಿತು. ಇಲ್ಲದ್ದು ಕೇಳಿಸುವುದು, ಇಲ್ಲದ್ದನ್ನು ನಂಬುವುದು. ನಿಮ್ಮ ತಾತ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಾತ್ರೆ ತಂದು, ಊಟವಾದ ಮೇಲೆ ಕೈಗೆ ಕೊಟ್ಟು, ನುಂಗುವವರೆಗೆ ಎದುರು ನಿಂತಿರುತ್ತಿದ್ದರು. ಅಷ್ಟು ಮಾಡಿದರೆ ಗಂಗರಾಜು ಎಲ್ಲರಂತೆ ಇರುತ್ತಿದ್ದ. ಹಾಲು ತರುತ್ತಿದ್ದ, ಜಮೀನಿನ ಬಾವಿಗೆ ಬೇಸಿಗೆಯಲ್ಲಿ ಇಳಿದು ಹೂಳು ಎತ್ತುತ್ತಿದ್ದ, ನನಗೆ ತರಕಾರಿ ಹೆಚ್ಚಿಕೊಡುತ್ತಿದ್ದ.

ನಿಮ್ಮ ತಾತ ಹೋದರು. ವೈಕುಂಠ ಸಮಾರಾಧನೆಯ ದಿನ ಅವರ ಅಣ್ಣ, ನಮ್ಮ ಬಾವ ಹೊನ್ನಗಿರಿಯಪ್ಪನವರು, ಬಂದ ಜನರೆದುರು ನಿಂತು, "ಗಂಗನ ಜವಾಬ್ದಾರಿ ಇನ್ಮೇಲೆ ನಂದು" ಎಂದು ಸಾರಿದರು. ಜನ ತಲೆದೂಗಿದರು. ಹಿಂದಿನ ಬೀದಿಯಲ್ಲಿದ್ದ ತಮ್ಮ ಮನೆಗೆ ಅವನನ್ನು ಕರೆದುಕೊಂಡು ಹೋದವರು ಮೊದಲು ಮಾಡಿದ ಕೆಲಸ ಮಾತ್ರೆ ನಿಲ್ಲಿಸಿದ್ದು. ಮೆಡಿಕಲ್ ಸ್ಟೋರಿನವನು ಯಾರಿಗಾದರೂ ಹೇಳಿಬಿಟ್ಟರೆ? ಮಾತ್ರೆಯ ಬದಲು ತೋಳಿಗೊಂದು ತಾಯಿತ ಕಟ್ಟಿಸಿದರು.

ನಮ್ಮ ಬಾವ ಗೌರವಸ್ಥರು. ಮನೆಯಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ ಎನ್ನುವುದೇ ಅವರ ಗೌರವದ ಮುಕ್ಕಾಲು ಪಾಲು. ಸಕ್ಕರೆ ಕಾಯಿಲೆ ಮಾತ್ರ ಇರಬಹುದು, ಅದು ಉಂಡುಟ್ಟವರ ಕಾಯಿಲೆ. ಆ ವರ್ಷ ಅವರ ಮೊಮ್ಮಗಳಿಗೆ ಮಹಾಲಕ್ಷ್ಮಿ ಲೇಔಟಿನ ಕಡೆಯಿಂದ ಸಂಬಂಧ ಬಂದಿತ್ತು. ಹುಡುಗನ ಮನೆಯವರು ಎರಡು ಸಲ ಬಂದು ಹೋದರು. ಎರಡು ಸಲವೂ ಗಂಗರಾಜುವನ್ನು ಟೆರೇಸಿನ ಮೇಲಿನ ರೂಮಿಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದ್ದರು.

ಅದೇ ಬೇಸಿಗೆಯಲ್ಲಿ ಬಾವ ಹೆಗ್ಗನಹಳ್ಳಿಯ ಹಳೆಯ ಜಮೀನಿನ ಮೇಲೆ ಕಾಂಪ್ಲೆಕ್ಸ್ ಎಬ್ಬಿಸತೊಡಗಿದರು. ಗಂಗರಾಜು ಹೂಳು ಎತ್ತುತ್ತಿದ್ದ ಬಾವಿಗೆ ಒಡೆದ ಇಟ್ಟಿಗೆ, ಮಣ್ಣು, ಹಳೆ ಬಾಗಿಲು ಏನು ಸಿಕ್ಕಿತೋ ಅದನ್ನು ತುಂಬಿಸಿ ಮೇಲೆ ಸಿಮೆಂಟು ಸುರಿಸಿದರು. ಅದರ ಮೇಲೆಯೇ ರಸ್ತೆ ಬಂತು. ಸಿಮೆಂಟು ಹಸಿಯಾಗಿದ್ದ ಆ ದಿನ ಗಂಗರಾಜು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅದನ್ನೇ ನೋಡುತ್ತಿದ್ದ. "ಅತ್ಗೆ, ಒಳಗೆ ನೀರು ಹಂಗೇ ಐತೆ. ಇದು ತಡಿಯಲ್ಲ" ಎಂದ. ನಾನು ಕೈ ಹಿಡಿದು ಎಬ್ಬಿಸಿದೆ. ಅವನ ಅಂಗೈ ತುಂಬ ಸಿಮೆಂಟು ಹತ್ತಿತ್ತು.

ಆಷಾಢದಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ರಸ್ತೆಗಳು ನಿಮಗೆ ಗೊತ್ತಲ್ಲ, ಒಂದು ಮಳೆಗೆ ಕೆರೆಯಾಗುತ್ತವೆ. ಬಾವಿ ಇದ್ದ ಜಾಗದಲ್ಲಿ ಸಿಮೆಂಟು ಒಂದು ಗೇಣು ಕುಸಿದು ಕೆಂಪು ನೀರು ನಿಂತಿತು. ಗಂಗರಾಜುವಿಗೆ ಬಾವಿ ಬಾಯಿ ತೆರೆದಂತೆ ಕಂಡಿತು. ಕಟ್ಟಡಕ್ಕೆ ತಂದಿದ್ದ ಸೈಜುಗಲ್ಲುಗಳನ್ನು ಒಂದೊಂದಾಗಿ ಹೊತ್ತು ರಸ್ತೆಗೆ ಅಡ್ಡ ಇಟ್ಟ. ಸಂಜೆ ಮಬ್ಬಿನಲ್ಲಿ, ಮಳೆಯಲ್ಲಿ, ಊಟದ ಚೀಲ ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಬಂದ ಹುಡುಗನಿಗೆ ಕಲ್ಲು ಕಾಣಲಿಲ್ಲ. ಬಿದ್ದ. ಭುಜದ ಮೂಳೆ ಮುರಿಯಿತು.

ಅವನ ಹೆಸರು ಮಲ್ಲಿಕಾರ್ಜುನ. ಬಾಗಲಕೋಟೆ ಕಡೆಯವನು. ಊರಿನಿಂದ ಬಂದು ವರ್ಷ ತುಂಬಿರಲಿಲ್ಲ. ಜನ ಸೇರುವಷ್ಟರಲ್ಲಿ ಗಂಗರಾಜು ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ಬಾವಿಗೆ ಬೀಳಲಿಲ್ಲ ಕಣಪ್ಪಾ, ಬಚಾವಾದೆ" ಎಂದು ಅಳುತ್ತಿದ್ದನಂತೆ. ಜನ ಗಂಗರಾಜುವಿಗೆ ನಾಲ್ಕು ಬಾರಿಸಿ ಪೊಲೀಸರಿಗೆ ಫೋನ್ ಮಾಡಿದರು. ರಸ್ತೆಗೆ ಅಡ್ಡಗಟ್ಟಿ ಗಾಯ ಮಾಡಿದ ಅಂತ ಕೇಸಾಯಿತು. ಬಾವನ ಮಗ ಹೋಗಿ ಸ್ಟೇಷನ್ನಿನಿಂದ ಬಿಡಿಸಿಕೊಂಡು ಬಂದ.

ಆಮೇಲೆ ಬಾವನ ಹಜಾರದಲ್ಲಿ ಸಭೆ. ನಾನು ಕಾಫಿ ಕೊಟ್ಟು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ವಿಜಯನಗರದಿಂದ ಒಬ್ಬ ಲಾಯರ್ ಬಂದಿದ್ದ, ನಮ್ಮವರ ಪೈಕಿ. ಸೈಟು ರಿಜಿಸ್ಟರ್ ಮಾಡಿಸುವುದು ಅವನ ಕಸುಬು. ಇಂಥ ಕೇಸನ್ನು ಅವನು ಜನ್ಮದಲ್ಲಿ ನಡೆಸಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಪದ ಅವನ ಬಾಯಲ್ಲಿ ಇರಲಿಲ್ಲ.

"ತಲೆ ಸರಿ ಇಲ್ಲ ಅಂತ ಹೇಳಿದ್ರೆ ಡಾಕ್ಟ್ರು, ಆಸ್ಪತ್ರೆ, ರಿಪೋರ್ಟು ಅಂತ ಎಳೀತಾರೆ ದೊಡ್ಡಪ್ಪ. ಊರಿಗೆಲ್ಲ ಗೊತ್ತಾಗುತ್ತೆ" ಎಂದ. "ಸುಮ್ನೆ ತಪ್ಪು ಒಪ್ಕೊಂಡ್ಬಿಡ್ಲಿ. ದಂಡ ಹಾಕ್ತಾರೆ, ಕಟ್ಟಿ ಬರೋದು. ಮಧ್ಯಾಹ್ನಕ್ಕೆ ಮನೇಲಿ ಊಟ."

"ಜೈಲು ಗೀಲು?" ಎಂದು ಬಾವನ ಮಗ ಕೇಳಿದ.

"ಅದೆಲ್ಲ ಜಡ್ಜಿಗೆ ಬಿಟ್ಟಿದ್ದು. ನಮ್ ಟೈಮ್ ಚೆನ್ನಾಗಿದ್ರೆ ಏನಾಗಲ್ಲ."

ಬಾವನಿಗೆ ಇದು ಒಪ್ಪಿಗೆಯಾಯಿತು. ಯಾಕೆಂದರೆ ಅವರು ಕಂಡ ನ್ಯಾಯ ಒಂದೇ, ಅರಳಿಕಟ್ಟೆಯ ನ್ಯಾಯ. ಅಲ್ಲಿ ತಪ್ಪು ಮಾಡಿದವನು ಹಿರಿಯರೆದುರು ಉದ್ದಕ್ಕೆ ಬಿದ್ದು "ತಪ್ಪಾಯ್ತು ಸ್ವಾಮಿ" ಎಂದು, ದೇವರಿಗೆ ತಪ್ಪುಕಾಣಿಕೆ ಹಾಕಿದರೆ ಮುಗಿಯಿತು. ಏನು ನಡೆಯಿತು, ಯಾಕೆ ನಡೆಯಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಕಟ್ಟೆಯ ಮೇಲೆ ಕೂತವರ ಬುಡಕ್ಕೂ ಬರಬಹುದು. ಕೋರ್ಟು ಎಂದರೆ ಫ್ಯಾನು ಇರುವ ಅರಳಿಕಟ್ಟೆ ಎಂದು ಅವರು ತಿಳಿದಿದ್ದರು.

ಪಾಠ ಶುರುವಾಯಿತು. ಗಂಗರಾಜುವನ್ನು ಎದುರಿಗೆ ನಿಲ್ಲಿಸಿ, ಬಾವ ಜಡ್ಜಿನಂತೆ ಕುರ್ಚಿಯಲ್ಲಿ ಕೂತರು.

"ಏನ್ ಕೇಳಿದ್ರೂ ಏನಂತೀಯಾ?"

"ತಪ್ಪಾಯ್ತು ಸ್ವಾಮಿ."

"ಬಾವಿ ವಿಷ್ಯ?"

"ಬಾವಿ ಐತಣ್ಣ, ಒಳಗೆ ನೀರು—"

ತಲೆಯ ಮೇಲೆ ಒಂದು ಏಟು ಬಿತ್ತು. "ಏನಂತೀಯಾ?"

"ತಪ್ಪಾಯ್ತು ಸ್ವಾಮಿ."

ಐವತ್ತು ಹತ್ತಿರವಾದ ಮನುಷ್ಯನಿಗೆ ಗಿಣಿಗೆ ಕಲಿಸಿದ ಹಾಗೆ ಕಲಿಸಿದರು. ಮನೆಯ ಹುಡುಗರು ಹೋಗುತ್ತಾ ಬರುತ್ತಾ, "ಚಿಕ್ಕ ತಾತ, ಕಾಫಿ ಆಯ್ತಾ?" ಎಂದು ಕೇಳುವುದು, ಅವನು "ತಪ್ಪಾಯ್ತು ಸ್ವಾಮಿ" ಎನ್ನುವುದು, ಇವರು ಬಿದ್ದು ಬಿದ್ದು ನಗುವುದು. ಅವರೆಲ್ಲ ಈಗ ಕೆಲಸದಲ್ಲಿದ್ದಾರೆ. ಸಿಕ್ಕಿದರೆ ನನ್ನ ಕಾಲಿಗೆ ನಮಸ್ಕಾರ ಮಾಡುತ್ತಾರೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಕೋರ್ಟಿನ ದಿನವೂ ಮಳೆ. ಗಂಗರಾಜುವಿಗೆ ಬಿಳಿ ಅಂಗಿ ತೊಡಿಸಿ, ಗಡ್ಡ ಹೆರೆಸಿ, ಹಣೆಗೆ ಕುಂಕುಮ ಇಟ್ಟು ಕಾರಿನಲ್ಲಿ ಕರೆದುಕೊಂಡು ಹೋದರು. ಕಾರಿನಲ್ಲಿ ನನಗೆ ಜಾಗವಿರಲಿಲ್ಲ. ಬಸ್ಸಿನಲ್ಲಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ. ಅವನ ಜೊತೆ ನಿಜವಾಗಿ ಯಾರೂ ಹೋಗುತ್ತಿಲ್ಲ ಅನ್ನಿಸಿತ್ತು.

ಜಡ್ಜು ಹೆಂಗಸು. ಬಾವನ ಮುಖ ಅಲ್ಲೇ ಅರ್ಧ ಸಣ್ಣದಾಯಿತು.

"ನಿಮ್ಮ ಹೆಸರೇನು?" ಎಂದರು ಆಕೆ.

"ತಪ್ಪಾಯ್ತು ಸ್ವಾಮಿ."

"ಹೆಸರು ಕೇಳಿದ್ದು."

"ತಪ್ಪಾಯ್ತು ಸ್ವಾಮಿ."

ಲಾಯರ್ ಎದ್ದು, "ಮೇಡಂ, ಕೋರ್ಟ್ ನೋಡಿ ಗಾಬರಿ ಆಗಿದಾರೆ. ತಪ್ಪು ಒಪ್ಕೊಳ್ತಾ ಇದಾರೆ. ದಂಡ ಹಾಕಿ ಬಿಡ್ಬೇಕು ಅಂತ ಪ್ರಾರ್ಥನೆ" ಎಂದ.

"ಯಾವ ತಪ್ಪು ಅಂತ ಅವರೇ ಹೇಳ್ಲಿ" ಎಂದು ಜಡ್ಜು ಗಂಗರಾಜುವಿನ ಕಡೆ ತಿರುಗಿ, ಮನೆಯವರ ಹತ್ತಿರ ಮಾತಾಡುವ ಹಾಗೆ ಕೇಳಿದರು. "ರಸ್ತೇಲಿ ಕಲ್ಲು ಯಾಕೆ ಇಟ್ರಿ?"

ಅವನು ಬಾವನ ಮುಖ ನೋಡಿದ. ಆಮೇಲೆ ಕಟಕಟೆಯಿಂದ ಬಾಗಿ ಮೆಲ್ಲಗೆ, "ಬಾವಿ ಬಾಯಿ ಬಿಟ್ಟೈತೆ ತಾಯಿ. ನೀವೂ ಆ ಕಡೆ ಬರ್ಬೇಡಿ. ಕಾಲು ಎಳೀತದೆ" ಎಂದ.

ಹಿಂದೆ ಯಾರೋ ಕಿಸಕ್ಕೆಂದರು. ಜಡ್ಜು ನಗಲಿಲ್ಲ. "ಇವರಿಗೆ ಆರೋಗ್ಯ ಸರಿ ಇದೆಯಾ?" ಎಂದು ಕೇಳಿದರು.

"ಪೂರ್ತಿ ಸರಿ ಇದೆ ಮೇಡಂ. ಸ್ವಲ್ಪ ಹಳ್ಳಿ ಮನುಷ್ಯ, ಅಷ್ಟೆ" ಎಂದ ಲಾಯರ್. ಬಾವನೂ ಎದ್ದು ನಿಂತು, "ನಮ್ಮ ವಂಶದಲ್ಲೇ ಅಂಥಾದ್ದಿಲ್ಲ ತಾಯಿ" ಎಂದು ಕೈಮುಗಿದರು. ತಮ್ಮನನ್ನು ಜೈಲಿಗೆ ಕಳಿಸಬಹುದಾದ ಆ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳಿದರೆಂದರೆ, ಮೊಮ್ಮಗಳ ಬೀಗರೇ ಎದುರಿಗೆ ಕೂತಿದ್ದಾರೆ ಅನ್ನಬೇಕು.

ನಾನು ಎದ್ದೆ. ಶಾಲೆಯಲ್ಲಿ ಎತ್ತುವ ಹಾಗೆ ಕೈ ಎತ್ತಿದ್ದೆನಂತೆ, ಆಮೇಲೆ ಅಲ್ಲಿನ ಪೊಲೀಸಮ್ಮ ಹೇಳಿದಳು. "ಇಲ್ಲ ಮೇಡಂ, ಅವನಿಗೆ ಕಾಯಿಲೆ ಇದೆ. ಮಾತ್ರೆ ನಿಲ್ಸಿದಾರೆ" ಎಂದೆ. ಮದುವೆಯಾದಾಗಿನಿಂದ ಬಾವನ ಎದುರು ನಾನು ಜೋರಾಗಿ ಆಡಿದ ಮೊದಲ ಮಾತು ಅದು. ಅವರು ತಿರುಗಿ ನೋಡಿದ ನೋಟಕ್ಕೆ ಮೊದಲಾಗಿದ್ದರೆ ನಾನು ನೆಲಕ್ಕೆ ಇಳಿದುಹೋಗುತ್ತಿದ್ದೆ. ಅವತ್ತು ನನಗೆ ಕಂಡದ್ದು ಒಬ್ಬ ಹೆದರಿದ ಮುದುಕ, ಅಷ್ಟೆ.

ಜಡ್ಜು ಗಂಗರಾಜುವನ್ನು ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಹಳೆಯ ಕಾಯಿಲೆಯ ಚೀಟಿಗಳನ್ನೆಲ್ಲ ನೋಡಿ, ಗಂಟೆಗಟ್ಟಲೆ ಅವನ ಜೊತೆ ಮಾತಾಡಿ, ಮುಂದಿನ ಸಲ ಕೋರ್ಟಿಗೇ ಬಂದು ಹೇಳಿದರು. ತನ್ನ ಮೇಲೆ ಏನು ಆರೋಪವಿದೆ ಎಂಬುದೇ ಈತನಿಗೆ ತಿಳಿಯುತ್ತಿಲ್ಲ, ತನ್ನ ಪರವಾಗಿ ಏನು ಹೇಳಿಕೊಳ್ಳಬೇಕೆಂದೂ ತಿಳಿಯುತ್ತಿಲ್ಲ ಎಂದು.

ಆಗ ಜಡ್ಜು ನನ್ನ ಕಡೆ ನೋಡಿ, ನಿಧಾನವಾಗಿ, ಅರ್ಥವಾಗುವ ಹಾಗೆ ಹೇಳಿದರು. "ನೋಡಿಮ್ಮಾ, ಕೇಸ್ ಇಲ್ಲಿಗೆ ನಿಲ್ಲಿಸ್ತಾ ಇದೀನಿ. ಮುಗಿಸ್ತಾ ಇಲ್ಲ. ಏನ್ ನಡೀತಾ ಇದೆ ಅಂತ ಗೊತ್ತಿಲ್ಲದ ಮನುಷ್ಯನ ವಿಚಾರಣೆ ಮಾಡೋದು ನ್ಯಾಯ ಅಲ್ಲ. ಹುಷಾರಾದ ಮೇಲೆ ಮತ್ತೆ ಕರೀತೀವಿ. ಅಲ್ಲೀವರೆಗೆ ಇವರನ್ನ ಯಾರು ನೋಡ್ಕೊಳ್ತೀರಿ? ಔಷಧಿ ಕೊಡಿಸ್ಬೇಕು, ಇವರಿಂದ ಯಾರಿಗೂ ತೊಂದ್ರೆ ಆಗದ ಹಾಗೆ, ಇವರಿಗೂ ಆಗದ ಹಾಗೆ ನೋಡ್ಕೋಬೇಕು. ಯಾರೂ ಇಲ್ಲ ಅಂದ್ರೆ ಆಸ್ಪತ್ರೇಲೇ ಇಡ್ಬೇಕಾಗುತ್ತೆ."

ಸಮಾರಾಧನೆಯ ದಿನ ಜವಾಬ್ದಾರಿ ಸಾರಿದ್ದ ಬಾವ ಆ ಹೊತ್ತಿಗೆ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದರು. ನಾನು ಒಪ್ಪಿಕೊಂಡು ಸಹಿ ಮಾಡಿದೆ. ಸೈಟಿನ ಲಾಯರ್ ಅವತ್ತೇ ಕೈ ತೊಳೆದುಕೊಂಡ. ಕೋರ್ಟಿನಿಂದಲೇ ಒಬ್ಬ ಹುಡುಗಿ ಲಾಯರನ್ನು ಕೊಟ್ಟರು, ಪಾಪ, ಒಳ್ಳೆಯವಳು.

ಗಂಗರಾಜು ನಮ್ಮ ಮನೆಗೆ ಬಂದ. ಮೊದಮೊದಲು ಮಾತ್ರೆ ಉಗಿಯುತ್ತಿದ್ದ. ಆಮೇಲೆ ಬರೀ ನಿದ್ದೆ. ಕೈ ನಡುಗುತ್ತಿತ್ತು, ತಟ್ಟೆಯಿಂದ ಸಾರು ಚೆಲ್ಲುತ್ತಿತ್ತು. ಡಾಕ್ಟರು ಮಾತ್ರೆ ಬದಲಾಯಿಸಿದರು. ಮಳೆ ಹೋಗಿ ಚಳಿ ಬಂತು. ಅವರೇಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ನನ್ನ ಎದುರು ಕೂತು ಕಾಳು ಬಿಡಿಸುತ್ತಾ ಇದ್ದಕ್ಕಿದ್ದಂತೆ, "ಅತ್ಗೆ, ಅಣ್ಣ ಹೋಗ್ಬಿಟ್ಟ ಅಲ್ವಾ?" ಎಂದ. ಅಣ್ಣನ ಚಿತೆಯ ಎದುರು ನಿಂತಿದ್ದವನಿಗೆ ಅದು ತಿಳಿದದ್ದು ಆವತ್ತು. ಹೌದು ಎಂದೆ. ಅಳುತ್ತಲೇ ಕಾಳು ಬಿಡಿಸಿದ. ಅವನು ಹುಷಾರಾಗುತ್ತಿದ್ದಾನೆ ಎಂದು ನನಗೆ ಗೊತ್ತಾದದ್ದು ಹಾಗೆ.

ಆ ಮಾಘದಲ್ಲಿ ಬಾವನ ಮೊಮ್ಮಗಳ ಮದುವೆಯಾಯಿತು. ನಮಗೆ ಕರೆಯೋಲೆ ಬರಲಿಲ್ಲ. ಡಬ್ಬಿಯಲ್ಲಿ ಲಾಡು ಬಂತು. ಲಾಡು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮದುವೆ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾವ ಬಂದರು. ಕೋರ್ಟಿನ ದಿನದಿಂದ ಈಚೆಗೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಗಂಗರಾಜು ನೀರು ತಂದುಕೊಟ್ಟು, "ಚೆನ್ನಾಗಿದೀಯಾ ಅಣ್ಣ?" ಎಂದ. ಬಾವ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಅವನು ಒಳಗೆ ಹೋದ ಮೇಲೆ ದನಿ ತಗ್ಗಿಸಿ ಹೇಳಿದರು.

"ಸಾವಿತ್ರಿ, ಮಾತ್ರೆ ಸಾಕು, ನಿಲ್ಸು."

"ಯಾಕೆ ಬಾವ?"

"ಇವ್ನು ಹುಷಾರಾದ್ರೆ ಕೇಸು ಮತ್ತೆ ಶುರುವಾಗ್ತದೆ. ಕೋರ್ಟಲ್ಲಿ ಹೆಸ್ರು ಕೂಗ್ತಾರೆ. ಬೀಗರು ಕೇಳಿದ್ರೆ ನಾನ್ ಯಾವ ಮುಖ ಇಟ್ಕೊಂಡ್ ಹೇಳ್ಲಿ? ಲಾಯರೂ ಅದೇ ಅಂದ. ಹಿಂಗೇ ಹುಚ್ಚನಾಗೇ ಇದ್ದುಬಿಟ್ರೆ ಕೇಸು ಹಂಗೇ ಮಲಗಿರ್ತದೆ. ಯಾರಿಗೂ ತೊಂದ್ರೆ ಇಲ್ಲ."

ಮಕ್ಕಳೇ, ನಾನು ಕಡಿಮೆ ಓದಿದವಳು. ಆದರೂ ಆ ಮಾತನ್ನು ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ನೋಡಿದೆ. ಮದುವೆಗೆ ಮುಂಚೆ ಗಂಗರಾಜು ಪೂರ್ತಿ ಹುಷಾರಾಗಿರಬೇಕಿತ್ತು, ಜೈಲಿಗೆ ಹೋದರೂ ಸರಿ. ಮದುವೆಯಾದ ಮೇಲೆ ಪೂರ್ತಿ ಹುಚ್ಚನಾಗಿರಬೇಕು, ಜನ್ಮಪೂರ್ತಿ ಕತ್ತಲಲ್ಲಿ ಕೊಳೆತರೂ ಸರಿ. ಯಾವ ತಿಂಗಳು ಅವನಿಗೆ ಬುದ್ಧಿ ಇರಬೇಕು, ಯಾವ ತಿಂಗಳು ಇರಬಾರದು ಎನ್ನುವುದನ್ನು ಲಗ್ನಪತ್ರಿಕೆ ನೋಡಿ ಹೇಳುತ್ತಿದ್ದರು. ಇಂಥವರನ್ನು ನಾನು ಅಷ್ಟು ವರ್ಷ ಸೆರಗು ಹೊದ್ದು, ಕಣ್ಣೆತ್ತದೆ ಗೌರವಿಸಿದ್ದೆ.

ಅಷ್ಟರಲ್ಲಿ ಒಳಗಿನಿಂದ ಗಂಗರಾಜುವಿನ ದನಿ ಬಂತು. ಎಲ್ಲ ಕೇಳಿಸಿಕೊಂಡಿದ್ದ.

"ಕರೀಲಿ ಬಿಡಣ್ಣ. ಹೋಗ್ತೀನಿ."

"ಲೇ, ನಿಂಗೇನ್ ಗೊತ್ತೋ ಕೋರ್ಟು? ಜೈಲಿಗೆ ಹಾಕ್ತಾರೆ ಕಣೋ."

"ಹಾಕಿದ್ರೆ ಹಾಕ್ಲಿ. ಆ ಹುಡುಗನ ಮೂಳೆ ಮುರ್ದಿದ್ದು ನನ್ ಕೈಯಿಂದಾನೆ ಅಲ್ವಾ? ನಂಗೆ ಅದು ಈಗೀಗ ನೆನಪಾಗ್ತಾ ಐತೆ. ಮರ್ತುಹೋಗೋಕೆ ಮತ್ತೆ ಹುಚ್ಚನಾಗು ಅಂತೀಯಲ್ಲ ನೀನು."

ಬಾವ ನೀರನ್ನೂ ಕುಡಿಯದೆ ಎದ್ದು ಹೋದರು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ನನಗೇನೂ ಕೊರತೆಯಾಗಲಿಲ್ಲ.

ನನಗೆ ಮಾತ್ರ ಹೆದರಿಕೆ ಇತ್ತು. ನಾನು ಕೈಯಾರೆ ಕೊಡುವ ಒಂದೊಂದು ಮಾತ್ರೆಯೂ ಅವನನ್ನು ಕಟಕಟೆಯ ಹತ್ತಿರಕ್ಕೆ ಕರೆದೊಯ್ಯುತ್ತಿತ್ತು. ಜೈಲಾದರೆ ಅಲ್ಲಿ ಅವನ ಎದುರು ನಿಂತು ಮಾತ್ರೆ ನುಂಗಿಸುವವರು ಯಾರು ಎಂದು ಹುಡುಗಿ ಲಾಯರನ್ನು ಕೇಳಿದೆ. ಅವಳು, "ಆಂಟಿ, ಸುಳ್ಳು ಧೈರ್ಯ ಹೇಳಲ್ಲ. ಆದ್ರೆ ಅವರೇ ನಿಂತು ನಡೆದದ್ದು ಹೇಳಿದ್ರೆ ಕೇಸಿಗೆ ಒಂದು ಕೊನೆ ಇದೆ. ಇಲ್ಲ ಅಂದ್ರೆ ತಲೆ ಮೇಲೆ ತೂಗ್ತಾನೇ ಇರುತ್ತೆ" ಎಂದಳು. ಮಾತ್ರೆ ಕೊಡುತ್ತಾ ಹೋದೆ.

ಮುಂದಿನ ಮಳೆಗಾಲ ಶುರುವಾಗುವಾಗ ಡಾಕ್ಟರು ಈತ ವಿಚಾರಣೆಗೆ ಸಿದ್ಧ ಎಂದು ಬರೆದುಕೊಟ್ಟರು. ಕೋರ್ಟು ಕರೆಯಿತು. ನಾವಿಬ್ಬರೇ ಬಸ್ಸಿನಲ್ಲಿ ಹೋದೆವು.

ಹೊರಗಿನ ಬೆಂಚಿನಲ್ಲಿ ಮಲ್ಲಿಕಾರ್ಜುನ ಸಾಕ್ಷಿ ಹೇಳಲು ಬಂದು ಕೂತಿದ್ದ. ಗಂಗರಾಜು ನೇರ ಅವನ ಹತ್ತಿರ ಹೋಗಿ, "ಭುಜ ಈಗ ಹೆಂಗೈತಪ್ಪಾ?" ಎಂದ.

"ಮ್ಯಾಲ ಪೂರ್ತಿ ಏಳೂದಿಲ್ರೀ ಕಾಕಾ" ಎಂದು ಅವನು ಎಡಗೈ ಎತ್ತಿ ತೋರಿಸಿದ. ಕಿವಿಯ ಮಟ್ಟಕ್ಕೆ ನಿಂತಿತು. "ಮೂರ್ ತಿಂಗಳ ಗಾಡಿ ಹೊಡೀಲಿಲ್ಲ ನೋಡ್ರಿ. ನಿಮಗ ಭಾಳ ಬೈದೇನ್ರಿ ನಾನು." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಕಲ್ಲ ಇಟ್ಟವರು ಇವರು. ಆದ್ರ ಅವತ್ತ ನನ್ನ ಎತ್ತಿದವರೂ ಇವರ ಒಬ್ಬರ ನೋಡ್ರಿ. ಉಳದವ್ರೆಲ್ಲ ಫೋನ್ ಹಿಡಕೊಂಡ ವಿಡಿಯೋ ಮಾಡಾಕತ್ತಿದ್ರ" ಎಂದ.

ಒಳಗೆ ಜಡ್ಜು ಹೆಸರು ಕೇಳಿದರು. ಗಂಗರಾಜು ಹೆಸರು ಹೇಳಿದ, ತಂದೆಯ ಹೆಸರೂ ಹೇಳಿದ. ಕಲ್ಲು ಇಟ್ಟವನು ನಾನೇ ಎಂದ. ಅಲ್ಲಿ ಬಾವಿ ತೆರೆದುಕೊಂಡಿದೆ ಎಂದು ಆಗ ನಂಬಿದ್ದೆ, ಜನ ಬೀಳಬಾರದು ಅಂತ ಇಟ್ಟೆ, ಅದು ಕಾಯಿಲೆ ಎಂದು ಈಗ ಗೊತ್ತು ಎಂದ. ಈ ಸಲ ಉತ್ತರಕ್ಕಾಗಿ ಯಾರ ಮುಖವನ್ನೂ ನೋಡಲಿಲ್ಲ. ಮಲ್ಲಿಕಾರ್ಜುನನೂ ತಾನು ಕಂಡದ್ದು ಕೇಳಿದ್ದೆಲ್ಲವನ್ನೂ ಬಿಡದೆ ಹೇಳಿದ, ಬಾವಿಯ ಮಾತನ್ನೂ, ಗಂಗರಾಜು ಅತ್ತದ್ದನ್ನೂ. ಡಾಕ್ಟರು ಹೇಳಿದರು. ಇನ್ನೆರಡು ಸಲ ಹೋಗಿಬಂದ ಮೇಲೆ ತೀರ್ಪಾಯಿತು. ಕಲ್ಲು ಇಟ್ಟದ್ದು ನಿಜ, ಆದರೆ ಆ ಹೊತ್ತಿನಲ್ಲಿ ತಾನು ಮಾಡುತ್ತಿರುವುದು ತಪ್ಪೆಂದು ತಿಳಿಯುವ ಸ್ಥಿತಿ ಅವನಿಗಿರಲಿಲ್ಲ, ಆದ್ದರಿಂದ ಬಿಡುಗಡೆ ಎಂದು. ಅವನನ್ನು ಮತ್ತೆ ನನ್ನ ವಶಕ್ಕೇ ಒಪ್ಪಿಸಿದರು.

ಆ ಪಾಯಸದವನು ಹೇಳಿದ್ದು ಈಗ ಎಲ್ಲಿ ಬಂತು ನೋಡಿ. ಗಂಗರಾಜು ಕೇಸಿನಿಂದ ಜಾರಿಕೊಳ್ಳಲಿಲ್ಲ. ಜಾರಿಕೊಳ್ಳುವ ದಾರಿಯನ್ನು ಅವನ ಅಣ್ಣನೇ ಮನೆ ಬಾಗಿಲಿಗೆ ತಂದುಕೊಟ್ಟಾಗ ಬೇಡವೆಂದು, ತನ್ನ ಕಾಲ ಮೇಲೆ ನಡೆದು ಹೋಗಿ ಕಟಕಟೆಯಲ್ಲಿ ನಿಂತವನು. ನಮ್ಮ ನೆಂಟರಲ್ಲಿ ಕೋರ್ಟಿಗೆ ಹೋದವರು ಎಷ್ಟೋ ಜನ ಇದ್ದಾರೆ, ಎಲ್ಲರೂ ಬುದ್ಧಿ ನೆಟ್ಟಗಿರುವವರೇ. ಕೇಳಿದ್ದಕ್ಕೆ ನಿಜ ಹೇಳಿ ಬಂದವನು ಇವನೊಬ್ಬ.

ನಾಳೆ ನಿಮಗೂ ಸಂಬಂಧ ನೋಡುವ ಕಾಲ ಬರುತ್ತದೆ. ಯಾರಾದರೂ ಬಂದು ಸೋಫಾದ ಮೇಲೆ ಕೂತು, ನಿಮ್ಮ ಮನೆತನದಲ್ಲಿ ಅಂಥ ಕಾಯಿಲೆ ಏನಾದರೂ ಇದೆಯಾ ಎಂದು ಮೆಲ್ಲಗೆ ವಿಚಾರಿಸುತ್ತಾರೆ. ಚಿಕ್ಕ ತಾತನನ್ನು ಯಾವ ರೂಮಿಗೂ ಕಳಿಸಬೇಡಿ. ಬಂದವರ ಎದುರಿಗೇ ಕುರ್ಚಿ ಹಾಕಿ ಕೂರಿಸಿ, ಈ ಹಾಳೆಗಳನ್ನು ಅವರ ಕೈಗೆ ಕೊಡಿ. ಓದಿ ಅವರು ಎದ್ದು ಹೋದರೆ ಕಾಫಿ ಲೋಟ ತೊಳೆದಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಕೂತೇ ಇದ್ದರೆ ಇನ್ನೊಂದು ಲೋಟ ಕಾಫಿ ಕೊಡಬಹುದು. ಅದಕ್ಕಾಗಿ ಈ ಹಾಳೆಗಳು ಬೇಕಾಗುತ್ತವೆ. ಮಳೆ ನೀರು ತಾಗದ ಕಡೆ, ಕಳೆಯದ ಹಾಗೆ ಇಟ್ಟುಕೊಳ್ಳಿ.